ಬಿಸಿಲಿಗಿಟ್ಟು ನೋಡಿದ ಸ್ಕ್ರೀನು

ಹೋದ ತಿಂಗಳು ಸಿಂಧನೂರಿನಿಂದ ಭಾವಮೈದ ಫೋನ್ ಮಾಡಿದ್ದ. ಕಾರು ತಗೊಳ್ಳುತ್ತಿದ್ದಾನೆ. ಮೊದಲ ಕಾರು. ದನಿಯಲ್ಲೇ ಖುಷಿ ಗೊತ್ತಾಗುತ್ತಿತ್ತು.

"ಮಾಮ, ಮಿಡಲ್ ಮಾಡೆಲ್ ತಗೊಳ್ಳಲೋ, ಟಾಪ್ ತಗೊಳ್ಳಲೋ? ಎರಡಕ್ಕೂ ಎಂಬತ್ತು ಸಾವಿರ ಫರಕ್ ಐತಿ."

"ಯಾತಕ್ಕೆ ಅಷ್ಟು ಫರಕ್?"

"ಹೆಚ್ಚುಕಡಿಮಿ ಎಲ್ಲಾ ಸ್ಕ್ರೀನಿಗೇ. ಇಷ್ಟಗಲ ಐತಿ ಮಾಮ, ಮನಿ ಟಿವಿ ಇದ್ದಂಗ. ಮ್ಯಾಪು ಅದರಾಗ, ಹಾಡು ಅದರಾಗ, ಎಸಿ ಸೈತ ಅದರಾಗ."

"ಎಷ್ಟೊತ್ತಿಗೆ ನೋಡಿದಿ?"

"ನಿನ್ನೆ ಸಂಜಿಮುಂದ. ಶೋರೂಮಿನಾಗ. ಯಾಕ?"

"ಹಂಗಾದ್ರ ನೀ ಇನ್ನೂ ನೋಡೇ ಇಲ್ಲ."

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕ. ನಾನು ಅರ್ಧ ತಾಸು ಬಿಡಿಸಿ ಹೇಳಿದೆ. ಕೊನೆಗೆ ನನ್ನ ಹೆಂಡತಿ ಫೋನು ಕಿತ್ತುಕೊಂಡು, "ತಮ್ಮಾ, ನೀ ಉಂಡು ಮಲಕ್ಕೋ, ಇವರದು ಮುಗಿಯಂಗಿಲ್ಲ" ಎಂದು ಇಟ್ಟುಬಿಟ್ಟಳು. ಅವಳು ಹೇಳಿದ್ದು ನಿಜ, ಮುಗಿದಿರಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೀಜದ ಕಂಪನಿಯೊಂದರಲ್ಲಿ ಫೀಲ್ಡ್ ಕೆಲಸ ಮಾಡುವವನು. ಮನೆ ಬಳ್ಳಾರಿ. ಸಿರುಗುಪ್ಪದ ಮೆಣಸಿನಕಾಯಿ, ಗಂಗಾವತಿಯ ಭತ್ತ, ರಾಯಚೂರಿನ ಹತ್ತಿ ಅಂತ ತಿಂಗಳಲ್ಲಿ ಇಪ್ಪತ್ತು ದಿನ ಸ್ಟೀರಿಂಗ್ ಹಿಡಿದೇ ಇರುತ್ತೇನೆ. ಇಷ್ಟು ವರ್ಷದಲ್ಲಿ ಡ್ಯಾಶ್‌ಬೋರ್ಡಿನ ನಡುವೆ ಮೂರು ಪೆಟ್ಟಿಗೆ ಕಂಡಿದ್ದೇನೆ. ಮೊದಲನೆಯದು ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ ಬಂದ ರೇಡಿಯೋ. ಹಸಿರು ಅಂಕಿ ಮಿಣುಕುವ ಒಂದು ಕಿಂಡಿ, ಪಕ್ಕದಲ್ಲಿ ದುಂಡನೆಯ ಒಂದು ತಿರುಪು, ಅಷ್ಟೇ. ಎರಡನೆಯದು ಅದನ್ನು ಕೀಳಿಸಿ ಬಳ್ಳಾರಿಯ ಒಂದು ಅಂಗಡಿಯಲ್ಲಿ ಹಾಕಿಸಿದ ಏಳು ಇಂಚಿನ ಆಂಡ್ರಾಯ್ಡ್ ಸ್ಟೀರಿಯೋ. ಮೂರನೆಯದು ಈಗಿನ ಕಾರಿನಲ್ಲಿ, ಕಾರು ಕಂಪನಿಯವರೇ ಕೂರಿಸಿ ಕೊಟ್ಟದ್ದು. ನಕ್ಷೆ ಅದರ ಹೊಟ್ಟೆಯಲ್ಲೇ ಇದೆ.

ಬಿಸಿಲಿನಿಂದಲೇ ಶುರು ಮಾಡುತ್ತೇನೆ. ರಾಯಚೂರಿನಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಹಳೇ ಜೋಕು ಎಲ್ಲರಿಗೂ ಗೊತ್ತು. ಅಲ್ಲಿ ನಾಲ್ಕು ತಾಸು ಕಾರು ನಿಲ್ಲಿಸಿದವರು ಆ ಜೋಕಿಗೆ ನಗುವುದಿಲ್ಲ.

ಒಂದು ಏಪ್ರಿಲ್‌ನಲ್ಲಿ ರಾಯಚೂರಿನ ಎಪಿಎಂಸಿ ಹತ್ತಿರ ಕಾರು ಬಿಟ್ಟು ಡೀಲರುಗಳ ಅಂಗಡಿ ಸುತ್ತಲು ಹೋಗಿದ್ದೆ. ಬೇವಿನ ಮರದ ನೆರಳು ನೋಡಿಯೇ ನಿಲ್ಲಿಸಿದ್ದೆ. ಆದರೆ ನೆರಳು ನಮ್ಮ ಅಪ್ಪನ ಮನೆಯದಲ್ಲವಲ್ಲ, ಒಂದು ತಾಸಿಗೆ ಸರಿದು ಹೋಗಿತ್ತು. ಹೊರಗೆ 42 ಡಿಗ್ರಿ ಇದ್ದರೆ ಗಾಜು ಏರಿಸಿದ ಕಾರಿನೊಳಗೆ 60 ದಾಟುವುದು ದೊಡ್ಡ ಮಾತಲ್ಲ. ಡ್ಯಾಶ್‌ಬೋರ್ಡಿನ ಮೈ ಅದಕ್ಕಿಂತಲೂ ಬಿಸಿ. ವಾಪಸ್ ಬಂದು ಕೀಲಿ ತಿರುಗಿಸಿದರೆ ಆಂಡ್ರಾಯ್ಡ್ ಪೆಟ್ಟಿಗೆಯ ಮುಖ ಕಪ್ಪು. ಹಾಡು ಬರುತ್ತಿದೆ, ಚಿತ್ರ ಇಲ್ಲ. ಸುಟ್ಟೇ ಹೋಯಿತು ಅಂದುಕೊಂಡೆ. ಎಸಿ ಹಾಕಿಕೊಂಡು ಊರ ಹೊರಗೆ ಬರುವಷ್ಟರಲ್ಲಿ ಮೆಲ್ಲಗೆ ಕಣ್ಣು ಬಿಟ್ಟಿತು.

ಆಮೇಲೆ ತಿಳಿದುಕೊಂಡೆ. ಎಲ್‌ಸಿಡಿ ಪರದೆಯ ಒಳಗಿರುವುದು ಲಿಕ್ವಿಡ್ ಕ್ರಿಸ್ಟಲ್. ಅರ್ಧ ದ್ರವ, ಅರ್ಧ ಹರಳು. ಅದರ ಅಣುಗಳು ಸಾಲಾಗಿ ನಿಂತಿದ್ದರೇನೇ ಬೆಳಕನ್ನು ತಡೆದು, ಬಿಟ್ಟು ಚಿತ್ರ ಮೂಡಿಸುತ್ತವೆ. ಒಂದು ಮಟ್ಟ ಮೀರಿ ಕಾದರೆ ಆ ಸಾಲು ಕೆಡುತ್ತದೆ, ಬರೀ ದ್ರವವಾಗಿಬಿಡುತ್ತದೆ. ತಣ್ಣಗಾದರೆ ಮತ್ತೆ ಸಾಲಿಗೆ ಬರುತ್ತವೆ. ಅಸೆಂಬ್ಲಿ ಬಿಟ್ಟ ಮೇಲೆ ಶಾಲೆ ಮಕ್ಕಳ ಸಾಲು ಇರುತ್ತದಲ್ಲ, ಹಾಗೆ.

ಚಿತ್ರ ವಾಪಸ್ ಬರುತ್ತದೆ, ಅಂಟು ಬರುವುದಿಲ್ಲ. ಮೇಲಿನ ಟಚ್ ಗಾಜನ್ನು ಪರದೆಗೆ ಅಂಟಿಸಿರುತ್ತಾರೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ನನ್ನ ಪೆಟ್ಟಿಗೆಯ ಮೂಲೆಯಲ್ಲಿ ಗುಳ್ಳೆ ಎದ್ದಿತು. ಆಮೇಲೆ ಬೆರಳು ಒಂದು ಕಡೆ, ಕೆಲಸ ಇನ್ನೊಂದು ಕಡೆ. ಹಾಡು ಬದಲಿಸಲು ಹೋದರೆ ಫೋನ್ ಬುಕ್ ತೆರೆಯುತ್ತಿತ್ತು. ಹೀಗೇ ಒಮ್ಮೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ಮಾವನವರಿಗೆ ಫೋನು ಹೋಗಿ, "ಏನು ಅಳಿಯಂದಿರೇ, ಏನಾದ್ರೂ ಹೆಚ್ಚುಕಡಿಮೆ ಆತೇನು?" ಎಂದು ಅವರು ಗಾಬರಿಯಾದರು. "ಏನಿಲ್ಲ ಮಾವ, ಸುಮ್ನೆ ಆರಾಮ ಇದ್ದೀರೋ ಇಲ್ಲೋ ಅಂತ" ಎಂದೆ. ಇಂಥ ಕಾಳಜಿಯ ಅಳಿಯ ಅಂತ ಅವತ್ತು ಹೆಸರು ಬಂತು.

ಹಾಗಾದರೆ ಸ್ಕ್ರೀನೇ ಯಾಕೆ, ಜೇಬಿನಲ್ಲಿ ಫೋನಿದೆಯಲ್ಲ, ಡ್ಯಾಶ್‌ಬೋರ್ಡಿನ ಮೇಲೆ ಹೋಲ್ಡರಿಗೆ ಸಿಕ್ಕಿಸಿದರಾಯಿತು ಎನ್ನುವವರಿದ್ದಾರೆ. ನಾನೂ ಎರಡು ವರ್ಷ ಹಾಗೇ ಮಾಡಿದವನು. ಬೆಂಗಳೂರಿನಲ್ಲಿ ಅದು ಸರಿ. ಐಫೋನನ್ನು ಬಳಸುವಾಗ ಸುತ್ತಲಿನ ಬಿಸಿ 0ಯಿಂದ 35 ಡಿಗ್ರಿಯೊಳಗೆ ಇರಬೇಕು ಎಂದು ಆಪಲ್ ಕಂಪನಿಯೇ ಹೇಳುತ್ತದೆ. ಏಪ್ರಿಲ್ ಬಂದರೆ ನಮ್ಮಲ್ಲಿ ಬೆಳಗಿನ ತಿಂಡಿ ಅರಗುವ ಮೊದಲೇ 35 ದಾಟಿರುತ್ತದೆ. ಅದರ ಮೇಲೆ ಎದುರು ಗಾಜಿನಿಂದ ಬೀಳುವ ಬಿಸಿಲು, ಚಾರ್ಜಿಂಗಿನ ಬಿಸಿ, ನಕ್ಷೆ ಓಡುವ ಬಿಸಿ. ಫೋನು ಮೊದಲು ಬೆಳಕು ತಗ್ಗಿಸುತ್ತದೆ, ಆಮೇಲೆ ಚಾರ್ಜ್ ನಿಲ್ಲಿಸುತ್ತದೆ, ಕೊನೆಗೆ ನನ್ನ ಕೈಲಾಗಲ್ಲ ಅಂತ ಮಲಗುತ್ತದೆ. ಅದೂ ದಾರಿ ಕವಲೊಡೆಯುವ ಜಾಗದಲ್ಲೇ.

ಕಾರಿಗೆಂದೇ ಮಾಡುವ ಚಿಪ್ಪುಗಳಿಗೆ ಲೆಕ್ಕ ಬೇರೆ. ಕಾರಿನೊಳಗೆ ಕೂರುವ ಚಿಪ್ಪು ಸಾಮಾನ್ಯವಾಗಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ ಹಿಡಿದು 85 ಡಿಗ್ರಿವರೆಗೆ ತಡೆಯಬೇಕು ಎಂಬ ಲೆಕ್ಕದಲ್ಲಿ ಪರೀಕ್ಷೆ ಮಾಡಿರುತ್ತಾರೆ. ಕಂಪನಿ ಸ್ಕ್ರೀನಿಗೆ ನಾವು ಜಾಸ್ತಿ ದುಡ್ಡು ಕೊಡುತ್ತೇವಲ್ಲ, ಅದರಲ್ಲಿ ಒಂದು ಪಾಲು ಇದಕ್ಕೆ. ನಾನು ಕಾರು ತಗೊಳ್ಳುವಾಗ ಶೋರೂಮಿನ ಹುಡುಗ ಇದನ್ನು ಹೇಳಲೇ ಇಲ್ಲ. ಅವನು ತೋರಿಸಿದ್ದು ಸ್ಕ್ರೀನಿನ ಬಣ್ಣ ಬದಲಾಯಿಸುವುದನ್ನು. ನೇರಳೆ, ಕಿತ್ತಳೆ, ನೀಲಿ. ಬಣ್ಣ ಕಟ್ಟಿಕೊಂಡು ನಾನೇನು ಮಾಡಲಿ? ಆರು ಬೇಸಿಗೆ ಕಳೆದರೂ ಅದರ ಟಚ್ ಒಂದು ಕೂದಲೆಳೆಯೂ ಸರಿದಿಲ್ಲ. ಇದು ನನಗೆ ದೊಡ್ಡದು.

ಬಿಸಿಲಿನಲ್ಲಿ ನೋಡು ಎಂದದ್ದಕ್ಕೆ ಇನ್ನೂ ಒಂದು ಕಾರಣ ಇದೆ. ಶೋರೂಮಿನ ತಂಪು ಬೆಳಕಿನಲ್ಲಿ ಕನ್ನಡಿಯಂತೆ ಹೊಳೆಯುವ ಸ್ಕ್ರೀನು ಬಯಲಿಗೆ ಬಂದರೆ ನಿಜವಾಗಿಯೂ ಕನ್ನಡಿಯೇ. ಹಿಂದಿನ ಸೀಟಿನ ಕಿಟಕಿಯಿಂದ ಬಿಸಿಲು ಬಿದ್ದರೆ ಅದರಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ತೋರಣಗಲ್ಲಿನ ಕಡೆ ಇನ್ನೊಂದು ಮಜಾ. ಅದಿರು ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಕೆಂಪು ದೂಳಿಗೆ ಹಗಲಲ್ಲೇ ಹೆಡ್‌ಲೈಟ್ ಹಾಕಬೇಕಾಗುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಸ್ಕ್ರೀನು ರಾತ್ರಿಯಾಯಿತೆಂದು ತಿಳಿದು ಬೆಳಕು ತಗ್ಗಿಸಿಬಿಡುತ್ತದೆ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಅಮಾವಾಸ್ಯೆ. ಸೆಟ್ಟಿಂಗಿನ ಹೊಟ್ಟೆಯೊಳಗೆ ಎಲ್ಲೋ ಇದಕ್ಕೊಂದು ದಾರಿ ಇತ್ತು. ಹುಡುಕಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಈಗ ನಕ್ಷೆಗೆ ಬರೋಣ.

ಜಿಪಿಎಸ್ ಇದ್ದರೆ ದಾರಿ ಗೊತ್ತಾಗುತ್ತದೆ ಎಂದು ಜನ ಹೇಳುತ್ತಾರೆ. ಜಿಪಿಎಸ್ಸಿಗೆ ದಾರಿ ಗೊತ್ತಿಲ್ಲ. ಸುಮಾರು 20,200 ಕಿಲೋಮೀಟರ್ ಮೇಲೆ ತಿರುಗುವ ಉಪಗ್ರಹಗಳು ಸಮಯವನ್ನೂ ತಾವಿರುವ ಜಾಗವನ್ನೂ ಬಿತ್ತರಿಸುತ್ತಾ ಇರುತ್ತವೆ. ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ, ಯಾವುದು ಎಷ್ಟು ತಡವಾಗಿ ಬಂತು ಎಂದು ಲೆಕ್ಕ ಹಾಕಿ ನಾವು ಎಲ್ಲಿದ್ದೇವೆ ಎಂದು ಪೆಟ್ಟಿಗೆ ತಿಳಿಯುತ್ತದೆ. ಅಷ್ಟೇ. ಪರದೆಯಲ್ಲಿ ನಾವಿರುವ ಜಾಗ ತೋರಿಸುವ ಆ ಚುಕ್ಕೆ ಯಾವ ರಸ್ತೆಯ ಮೇಲಿದೆ, ಆ ರಸ್ತೆ ಎಲ್ಲಿಗೆ ಹೋಗುತ್ತದೆ ಎಂಬುದು ನಕ್ಷೆಯ ಕೆಲಸ. ಚುಕ್ಕೆಗೆ ಮೊಬೈಲ್ ನೆಟ್‌ವರ್ಕ್ ಬೇಡ, ಫೋನಿನ ನಕ್ಷೆಗೆ ಬೇಕು.

ಇದು ನನಗೆ ಮನದಟ್ಟಾದದ್ದು ಸಂಡೂರಿನಲ್ಲಿ. ಮನೆಯವರನ್ನೆಲ್ಲ ಕರೆದುಕೊಂಡು ಕುಮಾರಸ್ವಾಮಿ ಗುಡಿಗೆ ಹೋಗಿದ್ದೆವು. ಗುಡ್ಡಗಳ ನಡುವೆ ನೆಟ್‌ವರ್ಕ್ ಹೋಯಿತು. ಮಗಳ ಫೋನಿನಲ್ಲಿ ನೀಲಿ ಚುಕ್ಕೆ ಬೂದು ಬಯಲಿನಲ್ಲಿ ಒಂಟಿಯಾಗಿ ನಡೆಯುತ್ತಿತ್ತು. ರಸ್ತೆ ಇಲ್ಲ, ಊರಿಲ್ಲ. ಕಾರಿನ ಸ್ಕ್ರೀನು ಮಾತ್ರ ಏನೂ ಆಗದವರಂತೆ ತಿರುವು ತೋರಿಸುತ್ತಲೇ ಇತ್ತು, ನಕ್ಷೆ ಅದರೊಳಗೇ ಇತ್ತಲ್ಲ. ಫೋನಿನಲ್ಲೂ ಮನೆಯ ವೈಫೈಯಲ್ಲಿ ನಕ್ಷೆ ಇಳಿಸಿಟ್ಟುಕೊಂಡರೆ ಇದೇ ಕೆಲಸ ಆಗುತ್ತದೆ. ಹೊರಡುವ ಹಿಂದಿನ ರಾತ್ರಿ ಅದು ನೆನಪಾಗಬೇಕು, ಅಷ್ಟೇ.

ಕಾರಿನೊಳಗಿನ ನಕ್ಷೆಗೆ ಇನ್ನೂ ಒಂದು ಬಲ ಇದೆ. ಚಕ್ರ ಎಷ್ಟು ಸುತ್ತು ತಿರುಗಿತು, ಗಾಡಿ ಎತ್ತ ಹೊರಳಿತು ಎಂಬುದೂ ಹಲವು ಗಾಡಿಗಳಲ್ಲಿ ಅದಕ್ಕೆ ಗೊತ್ತಾಗುತ್ತದೆ. ಉಪಗ್ರಹ ಕಾಣದ ಸುರಂಗದಲ್ಲೂ ಅಂದಾಜಿನ ಮೇಲೆ ನಡೆಯುತ್ತದೆ. ಇದು ಉಪಗ್ರಹಕ್ಕಿಂತ ಹಳೆಯ ವಿದ್ಯೆ. 1981ರಲ್ಲಿ ಜಪಾನಿನ ಹೋಂಡಾ ಕಂಪನಿ ಎಲೆಕ್ಟ್ರೋ ಗೈರೋಕೇಟರ್ ಎಂಬ ಪೆಟ್ಟಿಗೆ ತಂದಿತ್ತು. ಉಪಗ್ರಹದ ಮಾತೇ ಇಲ್ಲ. ಗಾಡಿ ಹೊರಳುವುದನ್ನು ಅಳೆಯುವ ಒಂದು ಗೈರೋ, ಪುಟ್ಟ ಪರದೆ, ಅದರ ಮುಂದೆ ಪಾರದರ್ಶಕ ಹಾಳೆಯ ಮೇಲೆ ಅಚ್ಚು ಹಾಕಿದ ನಕ್ಷೆ. ಊರು ದಾಟಿದರೆ ಹಾಳೆ ಬದಲಿಸಬೇಕು. ಕೇಳಲು ಚೆಂದ. ಆದರೆ ನನ್ನ ಓಡಾಟದಲ್ಲಿ ಸುರಂಗವೇ ಬರುವುದಿಲ್ಲ. ಗಾಡಿ ಓಡಿಸಬೇಕಾದದ್ದು ಹೊಂಡದಲ್ಲಿ. ಅದನ್ನು ಅಳೆಯಲು ಗೈರೋ ಬೇಡ, ಸೊಂಟ ಸಾಕು.

ಒಳಗಿನ ನಕ್ಷೆಯ ದೌರ್ಬಲ್ಯ ಅಂದರೆ ಅದು ಹುಟ್ಟಿದ ದಿನದ ನಕ್ಷೆ. ನನ್ನ ಕಾರು 2018ರದ್ದು. ಬಳ್ಳಾರಿ, ಹೊಸಪೇಟೆ, ಕಲಬುರಗಿಗಳ ಹೆಸರಿನ ಸ್ಪೆಲ್ಲಿಂಗ್ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ನಾಲ್ಕು ವರ್ಷ ಆದಮೇಲೆ ತಯಾರಾದ ಗಾಡಿಗೂ ಹೊಸಪೇಟೆ ಗೊತ್ತಿರಲಿಲ್ಲ. ಹಾಸ್ಪೆಟ್ ಎಂದು ಬ್ರಿಟಿಷರಂತೆ ಬರೆದರೆ ಮಾತ್ರ ಎದ್ದು ಬರುತ್ತಿತ್ತು. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯಿತು, ಹೊಸಪೇಟೆಯೇ ಅದಕ್ಕೆ ಕೇಂದ್ರ. ನನ್ನ ಕಾರಿನಲ್ಲಿ ಅದು ಇವತ್ತಿಗೂ ಬಳ್ಳಾರಿ ಜಿಲ್ಲೆಯಲ್ಲೇ ಇದೆ. ಜಿಲ್ಲೆ ಒಡೆದಾಗ ಬೇಜಾರು ಮಾಡಿಕೊಂಡವರು ಬಂದು ನನ್ನ ಕಾರಿನಲ್ಲಿ ಕೂರಬಹುದು. ನಕ್ಷೆ ಹೊಸದು ಮಾಡಿಸಲು ಸರ್ವಿಸಿನವರು ಹೇಳಿದ ರೇಟು ಕೇಳಿ ಸುಮ್ಮನೆ ಬಂದೆ.

ಇನ್ನು ನಕ್ಷೆಯಲ್ಲಿ ಗುರುತು ಹಾಕಿದ ಜಾಗಗಳ ಮಾತು. ಮಸ್ಕಿ ಹತ್ತಿರ ಹೋದರೆ ಸ್ಕ್ರೀನಿನಲ್ಲಿ ಪೆಟ್ರೋಲ್ ಬಂಕು ಬರುತ್ತದೆ, ಎಟಿಎಂ ಬರುತ್ತದೆ. 1915ರಲ್ಲಿ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಸಿಕ್ಕ ಊರು ಅದು. ಅದಕ್ಕೂ ಮೊದಲು ಸಿಕ್ಕ ಶಾಸನಗಳಲ್ಲಿ ಬರೀ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಬಂಡೆಯ ಸುಳಿವೇ ನನ್ನ ನಕ್ಷೆಯಲ್ಲಿಲ್ಲ. ಇರಲಿ, ಬಂಕು ಇದೆಯಲ್ಲ.

ಬಾಯಿಂದ ಹೇಳಿದರೆ ಕೇಳಿಸಿಕೊಳ್ಳುವ ಸೌಲಭ್ಯವೂ ಇದೆ. "ಕಂಪ್ಲಿ" ಎಂದೆ. "ಕಂಪ್ಲೇಂಟ್" ಎಂದು ಬರೆದುಕೊಂಡು ಯಾವುದೋ ಗ್ರಾಹಕ ಸೇವೆಯ ಆಫೀಸು ಹುಡುಕಿತು. ಆ ರಸ್ತೆಯಲ್ಲಿ ಓಡಾಡಿದವರಿಗೆ ಅದು ಪೂರ್ತಿ ತಪ್ಪು ಅನ್ನಿಸಲಿಕ್ಕಿಲ್ಲ.

ಕಂಪ್ಲಿ ಎಂದಾಗ ಸೇತುವೆ ನೆನಪಾಯಿತು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಬಳ್ಳಾರಿಯಿಂದ ಗಂಗಾವತಿಗೆ ಕುರುಗೋಡು, ಕಂಪ್ಲಿ ಮೇಲೆ ಹೋದರೆ ಹತ್ತಿರ. ಕಂಪ್ಲಿ ದಾಟಿದ ಕೂಡಲೇ ತುಂಗಭದ್ರೆಗೆ ಹಳೆಯ ಸೇತುವೆ. ತಗ್ಗಿನ ಸೇತುವೆ. ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಮುಳುಗುತ್ತದೆ. ಪ್ರತಿ ಒಳ್ಳೆಯ ಮಳೆಗಾಲದಲ್ಲೂ ಇದು ನಡೆಯುವುದೇ. ಒಂದು ಆಗಸ್ಟಿನಲ್ಲಿ ಬೆಳಗ್ಗೆ ಬೇಗ ಹೊರಟಿದ್ದೆ. ಗಂಗಾವತಿಯಲ್ಲಿ ಹತ್ತು ಗಂಟೆಗೆ ರೈತರ ಸಭೆ. ಕಾರಿನ ನಕ್ಷೆ ಕಂಪ್ಲಿ ಮೇಲೆ ದಾರಿ ಹಾಕಿಕೊಟ್ಟಿತು. ತಲುಪುವ ಹೊತ್ತನ್ನೂ ನಿಮಿಷದ ಲೆಕ್ಕದಲ್ಲಿ ತೋರಿಸಿತು. ಹೋಗಿ ನೋಡಿದರೆ ಸೇತುವೆಯ ಬಾಯಿಗೆ ಬ್ಯಾರಿಕೇಡು, ಪೊಲೀಸರು, ಆ ಕಡೆ ಬರೀ ನೀರು. ಸೇತುವೆ ಎಲ್ಲಿದೆ ಎಂದೂ ಗೊತ್ತಾಗುತ್ತಿರಲಿಲ್ಲ. ಸ್ಕ್ರೀನು ಮಾತ್ರ ನೇರ ಹೋಗಿ, ನೇರ ಹೋಗಿ ಎನ್ನುತ್ತಲೇ ಇತ್ತು.

ಪಕ್ಕದಲ್ಲಿ ಚಹಾ ಮಾರುತ್ತಿದ್ದ ಹಿರಿಯರು ಕಿಟಕಿಗೆ ಬಂದು ಬಗ್ಗಿದರು. "ರಾತ್ರಿನೇ ಬಂದ್ ಮಾಡ್ಯಾರ್ರೀ ಸಾರ. ಡ್ಯಾಮಿಂದ ಬಿಟ್ಟಾರ. ಬುಕ್ಕಸಾಗರದ ಮ್ಯಾಲೆ ಹೋಗ್ರಿ, ಕಡೆಬಾಗಿಲು ಬ್ರಿಜ್ ದಾಟಿ. ಚಹಾ ಕುಡಿದು ಹೋಗ್ರಿ, ಹೆಂಗೂ ತಡಾ ಆಗೈತಿ." ಕುಡಿದು ಹೋದೆ. ಸಭೆ ಹನ್ನೊಂದೂವರೆಗೆ ಶುರುವಾಯಿತು. ರೈತರೂ ಅದೇ ಸೇತುವೆ ಸುತ್ತಿಕೊಂಡು ಬಂದಿದ್ದರಿಂದ ಯಾರೂ ಏನೂ ಅನ್ನಲಿಲ್ಲ.

ಒಳಗಿನ ನಕ್ಷೆಗೆ ಇದು ತಿಳಿಯುವ ದಾರಿಯೇ ಇಲ್ಲ, ಅದನ್ನು ಬೈಯುವಂತಿಲ್ಲ. ಫೋನಿನ ನಕ್ಷೆಗೆ ತಿಳಿಯಬಹುದಿತ್ತು ಅನ್ನಬಹುದು. ಅದು ಟ್ರಾಫಿಕ್ ತಿಳಿಯುವುದು ರಸ್ತೆಯ ಮೇಲಿನ ಫೋನುಗಳು ಎಷ್ಟು ವೇಗದಲ್ಲಿ ಸರಿಯುತ್ತಿವೆ ಎಂಬುದರಿಂದ. ಬಳ್ಳಾರಿಯ ಸುಧಾ ಕ್ರಾಸ್ ರೈಲ್ವೆ ಗೇಟಿನಲ್ಲಿ ನೂರು ಫೋನು ನಿಂತರೆ ಗೆರೆ ಕೆಂಪಾಗುತ್ತದೆ, ಸರಿ. ಆದರೆ ಸಿರುಗುಪ್ಪದ ಆಚೆ ಒಂದು ಹಳ್ಳಿಯಲ್ಲಿ ಭತ್ತದ ಕಟಾವು ಮಷಿನ್ ಅರ್ಧ ರಸ್ತೆ ಹಿಡಿದು ನಿಂತಿರುತ್ತದೆ. ಉಳಿದರ್ಧದಲ್ಲಿ ಭತ್ತ ಒಣಗಲು ಹಾಕಿ ಸುತ್ತ ಕಲ್ಲು ಇಟ್ಟಿರುತ್ತಾರೆ. ಅಲ್ಲಿ ನಾನೊಬ್ಬ, ಒಂದು ಟ್ರ್ಯಾಕ್ಟರು, ನಾಲ್ಕು ಎಮ್ಮೆ. ಎಮ್ಮೆಯ ಹತ್ತಿರ ಫೋನಿಲ್ಲ. ರಸ್ತೆ ಹಸಿರಾಗಿಯೇ ಕಾಣುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯಿತಲ್ಲ, ಆಗ ನಮಗೆ ಸುದ್ದಿ ಮುಟ್ಟಿದ್ದು ವಾಟ್ಸಾಪಿನಲ್ಲಿ. ಬೆಳಗ್ಗೆ ಹೊಳೆ ಸಾಲಿನ ಡೀಲರುಗಳಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿ ರಸ್ತೆ ಕೇಳಿದೆ. ಅಂದಿನಿಂದ ಮಳೆಗಾಲದಲ್ಲಿ ನನ್ನದು ಒಂದೇ ಕ್ರಮ. ಮೊದಲು ಆ ಕಡೆಯ ಒಬ್ಬ ಮನುಷ್ಯನಿಗೆ ಫೋನು, ಆಮೇಲೆ ನಕ್ಷೆ.

ಕಾಲುವೆ ದಂಡೆಗಳದ್ದು ಇನ್ನೊಂದು ಕಥೆ. ಎಡದಂಡೆ ಕಾಲುವೆಯ ಕಡೆ ಒಂದೊಂದು ಉಪಕಾಲುವೆಯ ಪಕ್ಕದಲ್ಲೂ ಒಂದೊಂದು ದಾರಿ. ನಕ್ಷೆಯಲ್ಲಿ ಅದು ಡಾಂಬರು ರಸ್ತೆಯಷ್ಟೇ ನೆಟ್ಟಗೆ ಕಾಣುತ್ತದೆ. ಆರು ಕಿಲೋಮೀಟರ್ ಉಳಿಯುತ್ತದೆ ಎಂದು ಆಸೆ ತೋರಿಸುತ್ತದೆ. ಎರಡು ಹನಿ ಮಳೆ ಬಿದ್ದ ಮೇಲೆ ಎರೆಮಣ್ಣಿನಲ್ಲಿ ಕಾರು ಇಳಿಸಿದವರಿಗೆ ಗೊತ್ತು, ಟೈರು ಹೋಗಿ ಮಣ್ಣಿನ ಮುದ್ದೆ ಆಗುತ್ತದೆ. ನಕ್ಷೆಗೆ ಗೆರೆ ಕಾಣುತ್ತದೆ, ಮಣ್ಣು ಕಾಣುವುದಿಲ್ಲ. ಒಮ್ಮೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಹೊರಬಂದೆ. ಟ್ರ್ಯಾಕ್ಟರಿನ ಹುಡುಗ ಕೇಳಿದ, "ಯಾರ್ರೀ ಅಣ್ಣಾರ ನಿಮಗ ಈ ದಾರಿ ತೋರ್ಸಿದ್ದು?" ನಾನು ಸ್ಕ್ರೀನಿನ ಕಡೆ ಬೆರಳು ಮಾಡಿದೆ. ಅವನು ಅದರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ, ಊರಿಗೆ ಹೊಸಬರನ್ನು ನೋಡುವ ಹಾಗೆ.

ಹಾಗಂತ ನಕ್ಷೆ ಬೇಡವೇ? ಬೇಕು. ಗೊತ್ತಿಲ್ಲದ ಊರಿನಲ್ಲಿ ರಾತ್ರಿ ಹೊತ್ತು ಅದೇ ದೇವರು. ನಾನು ಹೇಳುವುದಿಷ್ಟೇ, ನಕ್ಷೆಗಾಗಿ ಕಂಪನಿಗೆ ಬೇರೆ ದುಡ್ಡು ಕೊಡಬೇಡಿ. 2014ರಲ್ಲಿ ಆಪಲ್‌ನವರ ಕಾರ್‌ಪ್ಲೇ, 2015ರಲ್ಲಿ ಗೂಗಲ್‌ನವರ ಆಂಡ್ರಾಯ್ಡ್ ಆಟೋ ಬಂದ ಮೇಲೆ ಫೋನಿನ ನಕ್ಷೆಯೇ ಕಾರಿನ ಸ್ಕ್ರೀನಿಗೆ ಬರುತ್ತದೆ. ಫೋನು ಎಸಿ ಗಾಳಿ ತಾಗುವ ಕಡೆ ತಣ್ಣಗೆ ಮಲಗಿರುತ್ತದೆ, ಬಿಸಿಲನ್ನು ಸ್ಕ್ರೀನು ತಿನ್ನುತ್ತದೆ. ಈ ಕೆಲಸ ಹಂಚಿಕೆ ನನಗೆ ಬಹಳ ಹಿಡಿಸಿತು. ಮಿಡಲ್ ಮಾಡೆಲ್ಲಿನ ಚಿಕ್ಕ ಸ್ಕ್ರೀನಿನಲ್ಲೂ ಇದು ಇರುತ್ತದೆ. ವೈರ್ ಇಲ್ಲದೆಯೂ ಕೆಲಸ ಮಾಡುವುದು ಬಂದಿದೆ, ಆದರೆ ಅದರಲ್ಲಿ ಫೋನು ಜಾಸ್ತಿ ಕಾಯುತ್ತದೆ. ನಾನು ವೈರ್ ಹಾಕುತ್ತೇನೆ.

ಹಾಡಿನ ವಿಷಯದಲ್ಲಿ ನನ್ನ ಪರೀಕ್ಷೆ ಒಂದೇ, ಪೆನ್‌ಡ್ರೈವ್. ಅಪ್ಪನ ಕಾಲದ ಬಯಲಾಟದ ರೆಕಾರ್ಡಿಂಗುಗಳು, ತತ್ವಪದಗಳು ಕ್ಯಾಸೆಟ್ಟಿನಲ್ಲಿದ್ದವು. ತಮ್ಮ ಅವನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿ ಚೆಂದಾಗಿ ಕನ್ನಡದಲ್ಲಿ ಹೆಸರು ಕೊಟ್ಟಿದ್ದ. ಆಂಡ್ರಾಯ್ಡ್ ಪೆಟ್ಟಿಗೆ ಅದನ್ನು ಓದಿತು. ಆರು ಲಕ್ಷಕ್ಕಿಂತ ಜಾಸ್ತಿ ಕೊಟ್ಟು ತಂದ ಕಾರು ಓದಲಿಲ್ಲ. ಹಾಡು ಬರುತ್ತದೆ, ಹೆಸರಿನ ಜಾಗದಲ್ಲಿ ಬರೀ ಚೌಕ ಚೌಕ. ನೂರಾ ನಲವತ್ತು ಹಾಡಿಗೂ ಒಂದೇ ಹೆಸರು, ಚೌಕ. ಯಾವ ಚೌಕದಲ್ಲಿ ಯಾವ ಪದ ಎಂದು ಲೆಕ್ಕ ಇಟ್ಟು ಹುಡುಕುತ್ತೇನೆ. ಕಾರಿನ ಕಂಪ್ಯೂಟರಿಗೆ ಕನ್ನಡದ ಅಕ್ಷರ ಹಾಕಿರಲಿಲ್ಲ, ಅಷ್ಟೇ. ಕರ್ನಾಟಕದಲ್ಲಿ ಮಾರುವ ಗಾಡಿ, ಅಲ್ವಾ? ಇದಕ್ಕೆ ನನಗೆ ಬಂದಷ್ಟು ಸಿಟ್ಟು ಕಂಪ್ಲಿ ಸೇತುವೆಗೂ ಬರಲಿಲ್ಲ.

ರೇಡಿಯೋದಲ್ಲಿ ಮಾತ್ರ ಕಂಪನಿಯ ಪೆಟ್ಟಿಗೆ ಗೆದ್ದಿತು. ಹೊಸಪೇಟೆ ಆಕಾಶವಾಣಿ ಸಿಂಧನೂರಿನ ಕಡೆ ಹೋದಂತೆ ಮಂಕಾಗುತ್ತದೆ. ಕಂಪನಿಯದು ಅದನ್ನು ಬಹಳ ದೂರ ಹಿಡಿದುಕೊಂಡು ಹೋಗುತ್ತದೆ. ಅಂಗಡಿಯ ಪೆಟ್ಟಿಗೆ ಊರು ದಾಟಿದ ಕೂಡಲೇ ಗೊರಗೊರ. ಕೊನೆಗೆ ಒಬ್ಬ ಎಲೆಕ್ಟ್ರಿಷಿಯನ್ ನೋಡಿ, ಆಂಟೆನಾಕ್ಕೆ ಕರೆಂಟು ಕೊಡುವ ವೈರೇ ಜೋಡಿಸಿಲ್ಲ ಎಂದ. ಅದೇ ಅಂಗಡಿಯ ಹುಡುಗ ಹ್ಯಾಂಡ್‌ಬ್ರೇಕಿನ ವೈರನ್ನು ಮಾತ್ರ ಮರೆಯದೆ ಬೈಪಾಸ್ ಮಾಡಿದ್ದ. ಗಾಡಿ ನಿಂತಾಗ ಮಾತ್ರ ವಿಡಿಯೋ ಬರಲಿ ಎಂದು ಇರುವ ವೈರು ಅದು. "ಓಡ್ತಾ ಓಡ್ತಾ ಪಿಚ್ಚರ್ ನೋಡ್ಬೋದು ಸಾರ, ಫ್ರೀ ಮಾಡಿಕೊಟ್ಟೀನಿ" ಎಂದಿದ್ದ. ಬೇಕಾದದ್ದು ಬಿಟ್ಟು ಬೇಡದ್ದನ್ನು ಫ್ರೀ ಕೊಡುವುದು. ಮರುದಿನವೇ ಹೋಗಿ ಸರಿ ಮಾಡಿಸಿದೆ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಎಸಿ ಒಂದು ಪಾಯಿಂಟ್ ಕಡಿಮೆ ಮಾಡಲು ಸ್ಕ್ರೀನಿನಲ್ಲಿ ಬಟನ್ ಹುಡುಕುತ್ತಾ ಎರಡು ಸೆಕೆಂಡ್ ಕಣ್ಣು ತೆಗೆದರೆ 44 ಮೀಟರ್ ಕುರುಡಾಗಿ ಓಡಿಸಿದ ಹಾಗೆ. ಸಿರುಗುಪ್ಪ ರಸ್ತೆಯಲ್ಲಿ ರಾತ್ರಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಹುಲ್ಲಿನ ಟ್ರ್ಯಾಲಿ ಆ 44 ಮೀಟರಿನೊಳಗೆ ಇರುತ್ತದೆ. ನನಗೆ ಒಮ್ಮೆ ಇತ್ತು. ಬ್ರೇಕು ಹಿಡಿಯಿತು, ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಅವತ್ತು ನಾನು ಹುಡುಕುತ್ತಿದ್ದದ್ದು ಫ್ಯಾನಿನ ವೇಗ.

ಹಳೇ ರೇಡಿಯೋದ ತಿರುಪು ಇತ್ತಲ್ಲ, ಅದನ್ನು ಎಂಟು ವರ್ಷದಲ್ಲಿ ನಾನು ಒಮ್ಮೆಯೂ ಕಣ್ಣಿಟ್ಟು ನೋಡಿಲ್ಲ. ಕೈ ತಾನೇ ಹೋಗುತ್ತಿತ್ತು. ಯೂರೋಪಿನ ಕಾರು ಸುರಕ್ಷತಾ ಪರೀಕ್ಷೆ ನಡೆಸುವ ಯೂರೋ ಎನ್‌ಕ್ಯಾಪ್‌ನವರೂ ಈಗ ಅದೇ ಮಾತಿಗೆ ಬಂದಿದ್ದಾರೆ. ಇಂಡಿಕೇಟರ್, ಹಾರ್ನ್, ವೈಪರ್, ಹಜಾರ್ಡ್ ದೀಪ ಇಂಥವಕ್ಕೆ ಕೈಗೆ ಸಿಗುವ ಬೇರೆ ಬಟನ್ ಇಲ್ಲದಿದ್ದರೆ 2026ರಿಂದ ಪೂರ್ತಿ ಅಂಕ ಸಿಗುವುದು ಕಷ್ಟ. ಸಿಂಧನೂರಿನ ಶೋರೂಮಿನಲ್ಲಿ ಮಾತ್ರ ಬಟನ್ ಇಲ್ಲದಿರುವುದನ್ನೇ ಟಾಪ್ ಮಾಡೆಲ್ ಎಂದು ಕರೆಯುತ್ತಿದ್ದಾರೆ.

ನನ್ನ ಹೆಂಡತಿಗೆ ಇದ್ಯಾವುದೂ ಮುಖ್ಯವಲ್ಲ. ಅವಳು ಕೇಳುವುದು ಹಿಂದಿನ ಕ್ಯಾಮೆರಾ. ಕೌಲ್ ಬಜಾರಿನ ಓಣಿಯಲ್ಲಿರುವ ತನ್ನ ಗೆಳತಿಯ ಮನೆಯಿಂದ ರಿವರ್ಸಿನಲ್ಲೇ ಹೊರಗೆ ಬರಬೇಕು, ಹಿಂದೆ ಮಕ್ಕಳು, ಆಡು, ತಳ್ಳುಗಾಡಿ. ಅಂಗಡಿಯ ಪೆಟ್ಟಿಗೆ ಎದ್ದು ಕೂರಲು ಅರ್ಧ ನಿಮಿಷ ತಗೊಳ್ಳುತ್ತಿತ್ತು. ಗಾಡಿ ಹಿಂದೆ ಹೋಗಿ ಆದಮೇಲೆ ಕ್ಯಾಮೆರಾ ಬರುತ್ತಿತ್ತು. "ಮದುವಿ ಮುಗಿದ ಮ್ಯಾಲೆ ಬಂದ ಬೀಗರು" ಎನ್ನುತ್ತಿದ್ದಳು. ಕಂಪನಿಯದು ಗೇರು ಹಾಕಿದ ಕೂಡಲೇ ಬರುತ್ತದೆ. ಅವಳ ಮಟ್ಟಿಗೆ ತೀರ್ಪು ಅಲ್ಲಿಗೇ ಮುಗಿಯಿತು.

ಬದಲಿಸುವ ಮಾತು ಒಂದು ಉಳಿಯಿತು. ಹಳೇ ರೇಡಿಯೋದ ಕಿಂಡಿಗೆ ಒಂದು ಅಳತೆ ಇತ್ತು. ಅಗಲ ಸುಮಾರು 180 ಮಿಲಿಮೀಟರ್, ಎತ್ತರ 50, ದೊಡ್ಡದಾದರೆ 100. ಜರ್ಮನಿಯ ಡಿನ್ ಸಂಸ್ಥೆ ಗೊತ್ತು ಮಾಡಿದ ಅಳತೆ. ಅಂಗಡಿ ಹುಡುಗರು ಡಬಲ್ ಡಿನ್ ಎನ್ನುವುದು ಎರಡರಷ್ಟು ಎತ್ತರದ ಆ ದೊಡ್ಡದನ್ನು. ಕೆಟ್ಟರೆ ಕಿತ್ತು ಇನ್ನೊಂದು ಕೂರಿಸಬಹುದಿತ್ತು. ಈಗ ಸ್ಕ್ರೀನು ಡ್ಯಾಶ್‌ಬೋರ್ಡಿಗೇ ಬೆಸೆದುಕೊಂಡಿದೆ, ಎಸಿಯೂ ಅದರಲ್ಲೇ. ಹದಿನೈದು ವರ್ಷ ಓಡುವ ಗಾಡಿಗೂ ಐದು ವರ್ಷಕ್ಕೆ ಮುದಿಯಾಗುವ ಕಂಪ್ಯೂಟರಿಗೂ ಗಂಟು ಹಾಕಿದ್ದಾರೆ. ಸ್ಕ್ರೀನು ದೊಡ್ಡದಾದಷ್ಟೂ ಆ ಗಂಟು ಬಿಗಿ.

ಇಷ್ಟೆಲ್ಲ ಭಾವಮೈದನಿಗೆ ಹೇಳಿ ಮುಗಿಸಲು ಆಗಲಿಲ್ಲ. ಕೊನೆಗೆ ಹೇಳಿದ್ದು ಇಷ್ಟೇ. ಮಧ್ಯಾಹ್ನ ಎರಡಕ್ಕೆ ಹೋಗು, ಬಿಸಿಲಿನಲ್ಲಿ ನಿಂತ ಗಾಡಿಯನ್ನೇ ಕೇಳು, ಕನ್ನಡ ಹೆಸರಿನ ಹಾಡಿರುವ ಪೆನ್‌ಡ್ರೈವ್ ಒಯ್ಯಿ, ಕೀಲಿ ತಿರುಗಿಸಿದ ಕೂಡಲೇ ರಿವರ್ಸ್ ಹಾಕು, ಆಮೇಲೆ ರಸ್ತೆ ನೋಡುತ್ತಲೇ ಎಸಿ ಜಾಸ್ತಿ ಮಾಡಲು ಆಗುತ್ತಾ ನೋಡು.

ಮೂರು ದಿನ ಬಿಟ್ಟು ಫೋನ್ ಮಾಡಿದ. ಶೋರೂಮಿನವರು ಇವನನ್ನು ವಿಚಿತ್ರವಾಗಿ ನೋಡಿದರಂತೆ. ಬಿಸಿಲಿಗೆ ಬಿಟ್ಟ ಡೆಮೋ ಗಾಡಿಯಲ್ಲಿ ಕೂತ ಸೇಲ್ಸ್ ಹುಡುಗನೇ ಎಸಿ ಬಟನ್ ಹುಡುಕುತ್ತಾ ಬೆವೆತನಂತೆ.

"ಮಿಡಲ್ ಬುಕ್ ಮಾಡಿದೆ ಮಾಮ. ತಿರುಪು ಐತಿ ಅದಕ್ಕ."

"ಚಲೋ ಆತು. ಉಳಿದ ಎಂಬತ್ತು ಸಾವಿರ?"

ಸ್ವಲ್ಪ ಹೊತ್ತು ಸುಮ್ಮನಿದ್ದ.

"ಮನಿಗೆ ಟಿವಿ ತಂದೆ. ಐವತ್ತೈದು ಇಂಚು."